ಐನೂರು ಪೌಂಡಿನ ಸಾಲ, ಸಾವಿರ ಪ್ಲೇ: 'ಇಂಡೀ' ಅನ್ನೋ ಪದದ ಲೆಕ್ಕದ ಕಥೆ

ಇಲ್ಲಿ ನಾನು ಮಾಡೋದು ನಿಮಗೆ ಗೊತ್ತೇ ಇದೆ. ಹೊಸದಾಗಿ ಬಂದ ಇಂಡೀ, ಆಲ್ಟರ್ನೇಟಿವ್ ಹಾಡುಗಳನ್ನ ಕೇಳೋದು, ಹಿಡಿಸಿದ್ರೆ ಹಿಡಿಸ್ತು, ಇಲ್ಲಾಂದ್ರೆ ಇಲ್ಲ ಅಂತ ನೇರವಾಗಿ ಹೇಳೋದು. ಈ ವಾರ ಹೊಸ ಹಾಡುಗಳ ಪಟ್ಟಿ ಇಲ್ಲ. ಹೆಚ್ಚುಕಡಿಮೆ ಐವತ್ತು ವರ್ಷದ ಹಿಂದಿನ ಒಂದು ಕಥೆ ಇದೆ. ಅದನ್ನ ಹೇಳೋಕೆ ಕಾರಣ ಎರಡು ತಿಂಗಳ ಹಿಂದೆ ನಾನು ಮಾಡಿಕೊಂಡ ಎಡವಟ್ಟು.

ಹಾಸನದ ಕಡೆಯ ಒಬ್ಬ ಹುಡುಗ ತನ್ನ ಮೊದಲ ಕನ್ನಡ ಹಾಡು ಬಿಟ್ಟಿದ್ದ. ಒಂದು ಗಿಟಾರು, ಒಂದು ದನಿ, ಅಷ್ಟೇ. ಹೆಸರು ಹೇಳಬೇಡಿ ಅಂತ ಅವನೇ ಕೇಳಿಕೊಂಡಿದ್ದಾನೆ, ಹಾಗಾಗಿ ಹೇಳಲ್ಲ. ಎರಡನೇ ಚರಣ ಮುಗಿಯೋ ಹೊತ್ತಿಗೆ ಹಿಂದೆ ಎಲ್ಲೋ ಒಂದು ಬಸ್ಸಿನ ಹಾರ್ನ್ ಕೇಳಿಸುತ್ತೆ. ನಾನು ಎಪಿಸೋಡ್‌ನಲ್ಲೇ ನಕ್ಕುಬಿಟ್ಟೆ. 'ಒಂದು ಹಾರ್ನ್ ತೆಗೆಯೋಷ್ಟು ಪುರುಸೊತ್ತು ಇಲ್ಲದೋರು ಹಾಡು ಯಾಕೆ ಬಿಡ್ತಾರೋ' ಅಂದೆ. ಅದೇ ಉಸಿರಲ್ಲಿ ಇನ್ನೊಂದು ಹಾಡನ್ನ ಹೊಗಳಿದೆ. 'ಇದು ನೋಡಿ, ಪಕ್ಕಾ ಇಂಡೀ' ಅಂತ.

ಎರಡೇ ದಿನದಲ್ಲಿ ಎರಡು ಮೆಸೇಜ್ ಬಂತು. ಮೊದಲನೇದು ಒಬ್ಬ ಕೇಳುಗರದ್ದು: ನೀವು ಪಕ್ಕಾ ಇಂಡೀ ಅಂದ ಹಾಡಿನ ಕ್ರೆಡಿಟ್ಸ್ ನೋಡಿದ್ರಾ? ಆ್ಯಪ್ ತೆಗೆದು, ಮೂರು ಚುಕ್ಕಿ ಒತ್ತಿ, ಕೆಳಗೆ ಹೋದೆ. ಜಗತ್ತಿನ ಮೂರು ದೈತ್ಯ ಮ್ಯೂಸಿಕ್ ಕಂಪನಿಗಳಲ್ಲಿ ಒಂದರ ಹೆಸರು ಸಣ್ಣ ಅಕ್ಷರದಲ್ಲಿ ತಣ್ಣಗೆ ಕೂತಿತ್ತು.

ಎರಡನೇದು ಆ ಹುಡುಗನದ್ದು. ಬೈದಿರ್ತಾನೆ ಅಂದ್ಕೊಂಡು ತೆಗೆದೆ. ಬೈಗುಳ ಇರಲಿಲ್ಲ, ಒಂದು ಫೋಟೋ ಇತ್ತು. ಗೆರೆ ಹಾಕಿದ ನೋಟ್‌ಬುಕ್ ಹಾಳೆ. ಮೈಕ್ ಬಾಡಿಗೆ, ಒಂದು ದಿನ, 800. ಗಿಟಾರ್ ತಂತಿ 450. ಮಿಕ್ಸಿಂಗ್ 2,500. ಡಿಸ್ಟ್ರಿಬ್ಯೂಷನ್, ವರ್ಷದ ಫೀಸು, 1,700. ಕವರ್ ಚಿತ್ರ, ತಂಗಿ ಬರೆದದ್ದು, ಸೊನ್ನೆ. ರೂಮು, ಫ್ರೆಂಡ್‌ದು, ಬಸ್ ಸ್ಟ್ಯಾಂಡ್ ಹಿಂದೆ, ಸೊನ್ನೆ. ಒಟ್ಟು 5,450. ಕೆಳಗೆ ಎರಡು ಸಾಲು: ಎರಡನೇ ದಿನಕ್ಕೆ ಮೈಕ್ ತಗೊಳ್ಳೋಕೆ ದುಡ್ಡಿರಲಿಲ್ಲ. ಚೆನ್ನಾಗಿ ಬಂದ ಟೇಕ್ ಒಂದೇ, ಹಾರ್ನ್ ಇದ್ದದ್ದೂ ಅದರಲ್ಲೇ.

ನಾನು ಓದಿದ್ದು ಬಿಕಾಂ. ಹಗಲು ಜಿಎಸ್‌ಟಿ ರಿಟರ್ನ್ ತುಂಬೋ ಕೆಲಸ, ರಾತ್ರಿ ಈ ಪಾಡ್‌ಕ್ಯಾಸ್ಟ್. ಲೆಕ್ಕದ ಹಾಳೆ ಕಂಡ್ರೆ ಮೊದಲು ಟೋಟಲ್ ಸರಿಯಿದ್ಯಾ ಅಂತ ನೋಡೋ ಪೈಕಿ ನಾನು. ಸರಿಯಿತ್ತು. ನಾಚಿಕೆ ಆಮೇಲೆ ಆಯ್ತು. ಅದರ ಜೊತೆಗೇ ಇನ್ನೊಂದು ಅನ್ನಿಸ್ತು, ಇಂಥ ಹಾಳೆಯನ್ನ ನಾನು ಎಲ್ಲೋ ನೋಡಿದ್ದೀನಲ್ಲ ಅಂತ. ಹೌದು, ನೋಡಿದ್ದೆ. ಒಂದು ರೆಕಾರ್ಡಿನ ಕವರ್ ಮೇಲೆ.

ಇಂಗ್ಲೆಂಡಿಗೆ ಹೋಗೋಣ, 1976ಕ್ಕೆ. ಆಗ ಹಾಡು ಬಿಡೋದು ಅಂದ್ರೆ ಕಪ್ಪು ತಟ್ಟೆ ಒತ್ತಿಸೋದು. ಇಎಂಐ, ಸಿಬಿಎಸ್ ಥರದ ದೊಡ್ಡ ಕಂಪನಿಗಳ ಹತ್ರ ಸ್ಟುಡಿಯೋ, ತಟ್ಟೆ ಒತ್ತೋ ಕಾರ್ಖಾನೆ, ಅದನ್ನ ಅಂಗಡಿ ಅಂಗಡಿಗೆ ಮುಟ್ಟಿಸೋ ವ್ಯವಸ್ಥೆ, ಎಲ್ಲ ಇತ್ತು. ಅವರ ಬಾಗಿಲು ತೆಗೀಲಿಲ್ಲ ಅಂದ್ರೆ ನಿಮ್ಮ ಹಾಡು ನಿಮ್ಮ ರೂಮಲ್ಲೇ. ಸಣ್ಣ ಕಂಪನಿಗಳು ಮುಂಚೆಯೂ ಇದ್ವು. ಅಮೆರಿಕದ ಸನ್ ರೆಕಾರ್ಡ್ಸ್ ಇಲ್ಲದಿದ್ರೆ ಎಲ್ವಿಸ್ ಇಲ್ಲ. ಆದ್ರೆ ಅವೂ ಒಬ್ಬ ವ್ಯಾಪಾರಿ ನಡೆಸೋ ಕಂಪನಿಗಳೇ. ಹಾಡೋರೇ ಸಾಲ ಮಾಡಿ, ಹಾಡೋರೇ ಒತ್ತಿಸಿ, ಹಾಡೋರೇ ಪೋಸ್ಟ್ ಮಾಡೋದು ಬ್ರಿಟನ್ನಿನಲ್ಲಿ ಆಗ ಅಪರೂಪ.

ಬೋಲ್ಟನ್ ಅನ್ನೋ ಊರಿನ ಕಾಲೇಜಲ್ಲಿ ಓದುತ್ತಿದ್ದ ಇಬ್ಬರು, ಹೊವರ್ಡ್ ಡೆವೊಟೊ ಮತ್ತು ಪೀಟ್ ಶೆಲ್ಲಿ, ಬಜ್‌ಕಾಕ್ಸ್ ಅನ್ನೋ ಬ್ಯಾಂಡ್ ಕಟ್ಟಿದ್ರು. ಪಕ್ಕದ ಮ್ಯಾಂಚೆಸ್ಟರ್‌ಗೆ 1976ರ ಜೂನ್‌ನಲ್ಲಿ ಸೆಕ್ಸ್ ಪಿಸ್ಟಲ್ಸ್‌ನ ಕರೆಸಿ ಕಛೇರಿ ಇಟ್ಟವರೂ ಇವರೇ. ಆಮೇಲೆ ತಮ್ಮದೂ ಒಂದು ರೆಕಾರ್ಡ್ ಇರಲಿ ಅನ್ನಿಸ್ತು. ಲಂಡನ್ನಿನ ಕಂಪನಿಗಳ ಬಾಗಿಲು ಕಾಯೋ ಬದಲು ಮನೆಯವರ ಹತ್ರ, ಸ್ನೇಹಿತರ ಹತ್ರ ಸುಮಾರು 500 ಪೌಂಡ್ ಸಾಲ ಎತ್ತಿದ್ರು. ಶೆಲ್ಲಿಯ ಅಪ್ಪನೂ ಕೊಟ್ಟರು. 1976ರ ಡಿಸೆಂಬರ್ 28ಕ್ಕೆ, ಕ್ರಿಸ್‌ಮಸ್ ಮುಗಿದ ಮೂರನೇ ದಿನ, ಮ್ಯಾಂಚೆಸ್ಟರ್‌ನ ಇಂಡಿಗೋ ಸ್ಟುಡಿಯೋಗೆ ಹೋದ್ರು. ಕೆಲವೇ ಗಂಟೆಗಳಲ್ಲಿ ನಾಲ್ಕು ಹಾಡು ಮುಗೀತು. ರೆಕಾರ್ಡ್ ಮಾಡಿಸಿದ್ದು ಮಾರ್ಟಿನ್ ಹ್ಯಾನೆಟ್. ಮುಂದೆ ಜಾಯ್ ಡಿವಿಜನ್‌ನ ಆ ಖಾಲಿ ಗೋಡೌನ್ ಥರದ ಸೌಂಡ್ ಮಾಡಿದ ಮನುಷ್ಯ. ಆಗ ಅವನೂ ಹೊಸಬನೇ.

ರೆಕಾರ್ಡ್ ಹೆಸರು 'ಸ್ಪೈರಲ್ ಸ್ಕ್ರ್ಯಾಚ್'. 1977ರ ಜನವರಿ ಕೊನೆಗೆ ಬಂತು. ಲೇಬಲ್ ಹೆಸರು ನ್ಯೂ ಹಾರ್ಮೋನ್ಸ್, ಅದೂ ಅವರದ್ದೇ. ಕವರ್ ಫೋಟೋ ಮ್ಯಾನೇಜರ್ ರಿಚರ್ಡ್ ಬೂನ್ ಪೋಲರಾಯ್ಡ್ ಕ್ಯಾಮೆರಾದಲ್ಲಿ ತೆಗೆದದ್ದು. ನಮ್ಮ ಹಾಸನದ ಹುಡುಗನ ತಂಗಿ ಕವರ್ ಬರೆದ ಹಾಗೆ. ಒತ್ತಿಸಿದ್ದು 1,000 ಪ್ರತಿ. ಅಷ್ಟು ಹೋದ್ರೆ ಸಾಲ ತೀರುತ್ತೆ ಅನ್ನೋ ಲೆಕ್ಕ. ಕೊನೆಗೆ ಹೋಗಿದ್ದು 16,000.

ಆ ಕವರ್ ಮೇಲೆ ಹಾಡಿನ ಹೆಸರಿನ ಪಕ್ಕ ಅದು ಎಷ್ಟನೇ ಟೇಕ್, ಆಮೇಲೆ ಏನಾದ್ರೂ ಸೇರಿಸಿದ್ರಾ ಇಲ್ವಾ ಅನ್ನೋದನ್ನೂ ಬರೆದಿದ್ದಾರೆ. ಇದು ನನಗೆ ತುಂಬಾ ಇಷ್ಟ. ಇದು ಹೀಗೆ ತಯಾರಾಗಿದೆ, ಮುಚ್ಚುಮರೆ ಏನಿಲ್ಲ, ತಗೊಳ್ಳಿ ಅಂದ ಹಾಗೆ. ಬೇಕರಿಯವನು ಒಳಗೆ ಬನ್ನಿ, ಒಲೆ ನೋಡಿ ಅಂತ ಕರೆದ ಹಾಗೆ. ಮತ್ತೆ ಸಂಗೀತ? ಅದರಲ್ಲಿ 'ಬೋರ್‌ಡಮ್' ಅಂತ ಒಂದು ಹಾಡಿದೆ. ಗಿಟಾರ್ ಸೋಲೋ ಅಂದ್ರೆ ಕೈಚಳಕ ತೋರಿಸೋ ಜಾಗ ಅಲ್ವಾ? ಇಲ್ಲಿ ಎರಡೇ ಸ್ವರ. ಅದನ್ನೇ ತಿರುಗಿಸಿ ಮುರುಗಿಸಿ, ಕೈ ಸೋತ ಅಲಾರಂ ಥರ ಹೊಡೀತಾನೇ ಇರ್ತಾನೆ. ಬೇಜಾರಿನ ಬಗ್ಗೆ ಹಾಡು, ಬೇಜಾರಾಗೋ ಹಾಗೇ ಬಾರಿಸಿದ್ದಾರೆ, ಆದ್ರೆ ಕೇಳೋಕೆ ಬೇಜಾರಾಗಲ್ಲ. ಇದು ದುಡ್ಡಿಲ್ಲದ್ದಕ್ಕೆ ಆದದ್ದಲ್ಲ. ತಲೆ ಓಡಿಸಿ ಮಾಡಿದ್ದು.

ಅದೇ ವರ್ಷ ಲಂಡನ್ನಿನಲ್ಲಿ ಡೆಸ್ಪರೇಟ್ ಬೈಸಿಕಲ್ಸ್ ಅನ್ನೋ ಬ್ಯಾಂಡ್ ಹುಟ್ಟಿತು. ಹುಟ್ಟಿದ್ದೇ ಸ್ವಂತ ರೆಕಾರ್ಡ್ ಮಾಡೋದಕ್ಕೆ. ದುಡ್ಡು ಉಳಿಸೋಕೆ ತಟ್ಟೆಯ ಎರಡೂ ಕಡೆ ಅವೇ ಎರಡು ಹಾಡು. 500 ಪ್ರತಿ, ಒಟ್ಟು ಖರ್ಚು 153 ಪೌಂಡ್. ಆ ಅಂಕಿ ನಮಗೆ ಹೇಗೆ ಗೊತ್ತು? ಅವರೇ ಮುಂದಿನ ರೆಕಾರ್ಡಿನ ಕವರ್ ಮೇಲೆ ಹಾಕಿದ್ರು. ಅಷ್ಟೇ ಖರ್ಚು, ನೀವೂ ಮಾಡಿ ಅಂತ. ಇದನ್ನ ಓದಿ ಇಂಗ್ಲೆಂಡಿನ ಮೂಲೆ ಮೂಲೆಯ ಹುಡುಗರು ಸಾಲ ಮಾಡೋಕೆ ಹೊರಟರು. ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡ್ತೀನಿ: ಬೈಸಿಕಲ್ಸ್ ಹಾಡುಗಳು ನನಗೆ ಅಷ್ಟಕ್ಕಷ್ಟೇ. ಕೀಬೋರ್ಡ್ ಬೊಗಳುತ್ತೆ, ಡ್ರಮ್ಮು ಎಡವುತ್ತೆ. ಆದ್ರೂ ಆ 153 ಅನ್ನೋ ಅಂಕಿ ಆ ಕಾಲದ ಯಾವ ಹಾಡಿಗೂ ಕಮ್ಮಿ ಇಲ್ಲದಷ್ಟು ಜನರನ್ನ ಎಬ್ಬಿಸ್ತು.

1978ಕ್ಕೆ ಸ್ಕ್ರಿಟಿ ಪೊಲಿಟಿ ಬಂದ್ರು. ಲಂಡನ್ನಿನ ಕ್ಯಾಮ್ಡನ್‌ನಲ್ಲಿ ಖಾಲಿ ಮನೆ ಹಿಡ್ಕೊಂಡು ಬಾಡಿಗೆ ಕೊಡದೆ ಬದುಕುತ್ತಿದ್ದ, ಎಡಪಂಥದ ಪುಸ್ತಕ ಓದೋ ಹುಡುಗರು. ಅವರ ಮೊದಲ ರೆಕಾರ್ಡ್ 'ಸ್ಕ್ಯಾಂಕ್ ಬ್ಲಾಕ್ ಬೊಲೋನ್ಯಾ'. ಕವರ್ ಅಂದ್ರೆ ಜೆರಾಕ್ಸ್ ಹಾಳೆ, ಮಡಚಿದ್ದು ಅವರೇ. ಅದರ ಮೇಲೆ ಸ್ಟುಡಿಯೋಗೆ ಎಷ್ಟು, ತಟ್ಟೆ ಒತ್ತೋಕೆ ಎಷ್ಟು, ಲೇಬಲ್ ಅಂಟಿಸೋಕೆ ಎಷ್ಟು, ಯಾರ ಹತ್ರ ಮಾಡಿಸಿದ್ದು, ಎಲ್ಲ ಸಾಲಾಗಿದೆ. ನಾನು ಫೋಟೋದಲ್ಲಿ ನೋಡಿದ್ದ ಹಾಳೆ ಇದೇ. ಹಾಡು ಮಾತ್ರ ಸಸಾರ ಅಲ್ಲ. ರೆಗ್ಗೇ ನಡಿಗೆ, ಮುರಿದ ಗಿಟಾರು, ಆರು ನಿಮಿಷಕ್ಕೆ ಹತ್ತಿರ. ರಾತ್ರಿ ಒಬ್ಬರೇ ಕೇಳಿ.

ಸರಿ, ಮಾಡೋದು ಆಯ್ತು. ಅಂಗಡಿಗೆ ಮುಟ್ಟಿಸೋದು ಯಾರು? ಇದು ನಿಜವಾದ ಕಷ್ಟ. ನಮಗೆ ಇದು ಹೊಸದಲ್ಲ. ಕನ್ನಡ ಕಾದಂಬರಿಗಳ ಪಿತಾಮಹ ಅನ್ನಿಸಿಕೊಂಡ ಗಳಗನಾಥರು ತಮ್ಮ ಪುಸ್ತಕಗಳನ್ನ ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಬರೆಯೋ ಕೈಯೇ ಹೊರೋ ತಲೆಯೂ ಆಗಬೇಕಾಗಿತ್ತು. ಬ್ರಿಟನ್ನಿನಲ್ಲಿ ಆ ಹೊರೆಯನ್ನ ಹಂಚಿಕೊಂಡದ್ದು ಒಂದು ಅಂಗಡಿ. 1976ರಲ್ಲಿ ಜೆಫ್ ಟ್ರಾವಿಸ್ ಪಶ್ಚಿಮ ಲಂಡನ್‌ನಲ್ಲಿ ತೆರೆದ ರಫ್ ಟ್ರೇಡ್. ಹುಡುಗರು ಬ್ಯಾಗಲ್ಲಿ ರೆಕಾರ್ಡ್ ತಂದಿಟ್ರೆ ಇವರು ತಗೊಂಡು ಮಾರ್ತಿದ್ರು, ಬೇರೆ ಊರಿನ ಅಂಗಡಿಗಳಿಗೂ ಕಳಿಸ್ತಿದ್ರು. 1978ಕ್ಕೆ ತಮ್ಮದೇ ಲೇಬಲ್ ಶುರುಮಾಡಿದ್ರು. ಖರ್ಚು ಕಳೆದು ಉಳಿದದ್ದು ಬ್ಯಾಂಡಿಗೆ ಅರ್ಧ, ಲೇಬಲ್‌ಗೆ ಅರ್ಧ. ಮರುವರ್ಷ ಬೆಲ್‌ಫಾಸ್ಟ್‌ನ ಸ್ಟಿಫ್ ಲಿಟಲ್ ಫಿಂಗರ್ಸ್ ಆಲ್ಬಮ್ಮನ್ನ ಹೀಗೇ ಬಿಟ್ರು. ಲಕ್ಷ ದಾಟಿ ಮಾರಾಟ ಆಯ್ತು, ಬ್ರಿಟನ್ನಿನ ಮುಖ್ಯ ಚಾರ್ಟ್‌ನಲ್ಲಿ 14ನೇ ಜಾಗ. 1980ರ ದಶಕದ ಮೊದಲಲ್ಲಿ ಲಿವರ್‌ಪೂಲ್, ಯಾರ್ಕ್, ನಾರಿಚ್, ಬ್ರಿಸ್ಟಲ್, ಎಡಿನ್‌ಬರೋ ಊರುಗಳ ಅಂಗಡಿ ಮತ್ತು ವಿತರಕರು ರಫ್ ಟ್ರೇಡ್ ಜೊತೆ ಸೇರಿ 'ದಿ ಕಾರ್ಟೆಲ್' ಅಂತ ಒಂದು ಜಾಲ ಕಟ್ಟಿದ್ರು. ನನ್ನ ಕಾಮರ್ಸ್ ಮೇಷ್ಟ್ರು ಕೇಳಿದ್ರೆ ನಗ್ತಿದ್ರು. ಕಾರ್ಟೆಲ್ ಅಂದ್ರೆ ಬೆಲೆ ಏರಿಸೋಕೆ ಕೂಡಿಕೊಂಡ ಗುಂಪು ಅಂತ ಅವರು ಬೋರ್ಡ್ ಮೇಲೆ ಬರೆದಿದ್ರು. ಇವರು ಕೂಡಿಕೊಂಡದ್ದು ವ್ಯಾನ್ ಬಾಡಿಗೆ ಉಳಿಸೋಕೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 1980ರ ಜನವರಿಯಲ್ಲಿ 'ರೆಕಾರ್ಡ್ ಬಿಸಿನೆಸ್' ಅನ್ನೋ ವ್ಯಾಪಾರಿ ಪತ್ರಿಕೆ ಮೊದಲ ಇಂಡಿಪೆಂಡೆಂಟ್ ಚಾರ್ಟ್ ಹಾಕಿತು. ಐಡಿಯಾ ಚೆರಿ ರೆಡ್ ಲೇಬಲ್‌ನ ಇಯಾನ್ ಮೆಕ್‌ನೇ ಅವರದ್ದು. ಆ ಚಾರ್ಟ್‌ಗೆ ಸೇರೋಕೆ ಏನು ಅರ್ಹತೆ ಗೊತ್ತಾ? ಗಿಟಾರ್ ಇರಬೇಕು ಅಂತಿಲ್ಲ. ದುಃಖದ ದನಿ ಬೇಕಿಲ್ಲ. ಹಳೇ ಕ್ಯಾಮೆರಾದ ಫೋಟೋ ಬೇಕಿಲ್ಲ. ಒಂದೇ ನಿಯಮ: ರೆಕಾರ್ಡು ದೊಡ್ಡ ಕಂಪನಿಗಳ ವಿತರಣೆಯಿಂದ ಹೊರಗೆ ಅಂಗಡಿ ಮುಟ್ಟಿರಬೇಕು. ಅಷ್ಟೇ. ಇಂಡೀ ಅನ್ನೋದು ಕಿವಿಗೆ ಸಂಬಂಧಪಟ್ಟ ಪದವೇ ಆಗಿರಲಿಲ್ಲ, ಡೆಲಿವರಿ ಚಲನ್‌ಗೆ ಸಂಬಂಧಪಟ್ಟ ಪದ.

ಇದು ಎಷ್ಟು ತಮಾಷೆಗೆ ಹೋಯ್ತು ಅಂದ್ರೆ, 1988ರಲ್ಲಿ ಕೈಲಿ ಮಿನೋಗ್ ಇಂಡೀ ಚಾರ್ಟ್‌ನ ಮೊದಲ ಸ್ಥಾನಕ್ಕೆ ಬಂದ್ರು. ಥಳಥಳ ಡಿಸ್ಕೋ ಪಾಪ್. ಆದ್ರೆ ಅವರ ಲೇಬಲ್ ಪಿಡಬ್ಲ್ಯುಎಲ್‌ನ ಮಾಲು ಹೋಗ್ತಿದ್ದದ್ದು ಪಿನಾಕಲ್ ಅನ್ನೋ ಸ್ವತಂತ್ರ ವಿತರಕರ ಮೂಲಕ. ಲೆಕ್ಕದ ಪ್ರಕಾರ ಪಕ್ಕಾ ಇಂಡೀ! ಕಪ್ಪು ಕೋಟಿನ ಬ್ಯಾಂಡಿನೋರಿಗೆ ಹೊಟ್ಟೆ ಉರಿದಿರಬೇಕು.

ಉರಿಯೋಕೆ ಕಾರಣ ಇತ್ತು. ಅಷ್ಟು ಹೊತ್ತಿಗೆ ಪದದ ಅರ್ಥ ಜಾರಿತ್ತು. 1986ರಲ್ಲಿ ಎನ್‌ಎಂಇ ಪತ್ರಿಕೆ 'ಸಿ86' ಅಂತ 22 ಬ್ಯಾಂಡ್‌ಗಳ ಒಂದು ಕ್ಯಾಸೆಟ್ ತಂದಿತ್ತು. ಅಲ್ಲಿಂದ ಇಂಡೀ ಅಂದ್ರೆ ಝಣಝಣ ಗಿಟಾರು, ನಾಚೋ ದನಿ, ಹಳೇ ಸ್ವೆಟರು ಅನ್ನೋ ಚಿತ್ರ ಗಟ್ಟಿಯಾಯ್ತು. ಪದ ಚಲನ್‌ನಿಂದ ಕಿವಿಗೆ ಬಂತು. ಕಿವಿಗೆ ಬಂದದ್ದನ್ನ ಯಾರು ಬೇಕಾದ್ರೂ ನಕಲು ಮಾಡಬಹುದು, ದೊಡ್ಡ ಕಂಪನಿಯೂ. 1991ಕ್ಕೆ ರಫ್ ಟ್ರೇಡ್‌ನ ವಿತರಣೆ ಕುಸಿದುಬಿತ್ತು. 1992ರಲ್ಲಿ ಕ್ರಿಯೇಷನ್ ಲೇಬಲ್‌ನ 49 ಪರ್ಸೆಂಟ್ ಸೋನಿ ಕೊಂಡಿತು. ಒಯಾಸಿಸ್ ಮೊದಲ ಆಲ್ಬಮ್ ಬಂದದ್ದು ಅದೇ ಕ್ರಿಯೇಷನ್‌ನಿಂದ, 1994ರಲ್ಲಿ. ಅದನ್ನ ಇವತ್ತಿಗೂ ಎಲ್ಲರೂ ಇಂಡೀ ಅಂತಾರೆ. ಬ್ಯಾಲೆನ್ಸ್ ಶೀಟ್ ಬೇರೆ ಹೇಳುತ್ತೆ.

ನಮ್ಮಲ್ಲಿ ಇನ್ನೊಂದು ಗೊಂದಲ. ಇಂಡಿಯಾದಲ್ಲಿ ಇಂಡೀ ಅಂದ್ರೆ ಸಿನಿಮಾದ್ದಲ್ಲ ಅಂತ ಅರ್ಥ. ಆ ಲೆಕ್ಕದಲ್ಲಿ ಸಿ. ಅಶ್ವತ್ಥ್, ಮೈಸೂರು ಅನಂತಸ್ವಾಮಿ ಅವರ ಭಾವಗೀತೆ ಕ್ಯಾಸೆಟ್‌ಗಳೂ ಇಂಡೀ! ರಘು ದೀಕ್ಷಿತ್ ಶರೀಫರ ಪದಗಳನ್ನ ಗಿಟಾರ್‌ಗೆ ಹಾಕಿದ ಮೊದಲ ಆಲ್ಬಮ್ 2008ರಲ್ಲಿ ಬಂದಾಗ, ಅದನ್ನ ಹೊರತಂದ ಕೌಂಟರ್ ಕಲ್ಚರ್ ಲೇಬಲ್ ಕಟ್ಟಿದ್ದು ಬಾಲಿವುಡ್‌ನ ಸಂಗೀತ ನಿರ್ದೇಶಕರೇ ಆದ ವಿಶಾಲ್-ಶೇಖರ್. ಅದು ಇಂಡೀ ಹೌದಾ ಅಲ್ವಾ ಅಂತ ಕೇಳಿದ್ರೆ, ಯಾವ ದೇಶದ ನಿಘಂಟು ಅಂತ ನಾನು ವಾಪಸ್ ಕೇಳಬೇಕಾಗುತ್ತೆ. ಆಲ್ಬಮ್ ಮಾತ್ರ ಚಿನ್ನ.

ಇವತ್ತಿನ ಕಥೆ ನೋಡಿ. ತಟ್ಟೆ ಇಲ್ಲ, ವ್ಯಾನ್ ಇಲ್ಲ. ಡಿಸ್ಟ್ರೋಕಿಡ್, ಟ್ಯೂನ್‌ಕೋರ್ ಥರದ ಸೇವೆಗಳಿಗೆ ವರ್ಷಕ್ಕಿಷ್ಟು ಅಂತ ಕಟ್ಟಿದ್ರೆ ನಿಮ್ಮ ಹಾಡು ಎಲ್ಲ ಆ್ಯಪ್‌ಗೂ ಹೋಗುತ್ತೆ. ಗಳಗನಾಥರ ತಲೆಯ ಹೊರೆ ಇಳೀತು ಅಂತ ಖುಷಿಪಡಬಹುದು. ಆದ್ರೆ ವಿತರಣೆ ಈಗ ಯಾರದ್ದು? ಸ್ವತಂತ್ರ ಕಲಾವಿದರ ವಿತರಕ ಅಂತ ಬೆಳೆದ ದಿ ಆರ್ಚರ್ಡ್ 2015ರಿಂದ ಪೂರ್ತಿ ಸೋನಿಯದ್ದು. ಎವಾಲ್ ಕೂಡ ಆಮೇಲೆ ಸೋನಿ ಪಾಲಾಯ್ತು. 1980ರ ಆ ಒಂದೇ ನಿಯಮ ಹಿಡಿದು ಕೂತ್ರೆ ನನ್ನ ಇಷ್ಟದ ಹಾಡುಗಳಲ್ಲಿ ಎಷ್ಟೋ ಹಾಡು ಚಾರ್ಟ್‌ನಿಂದ ಹೊರಗೆ. ನಾನು ಪಕ್ಕಾ ಇಂಡೀ ಅಂದಿದ್ದು ಮೊದಲು.

ಇನ್ನೊಂದು ಅಂಕಿ: 1,000. ಬಜ್‌ಕಾಕ್ಸ್‌ಗೆ ಸಾಲ ತೀರೋ ಅಂಕಿ ಅದು. 2024ರಿಂದ ಸ್ಪಾಟಿಫೈನಲ್ಲೂ ಅದೇ ಅಂಕಿ ಗೆರೆ ಎಳೆದಿದೆ. ಹಿಂದಿನ 12 ತಿಂಗಳಲ್ಲಿ 1,000 ಪ್ಲೇ ಆಗದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲ. 999ಕ್ಕೂ ಸೊನ್ನೆ. ಆ ದುಡ್ಡು ಗೆರೆ ದಾಟಿದ ಹಾಡುಗಳ ಪಾಲಿಗೆ ಸೇರುತ್ತೆ. ಚಿಲ್ಲರೆ ಕಾಸು ಬ್ಯಾಂಕಿನವರೆಗೆ ಹೋಗೋದೇ ಇಲ್ಲ ಅನ್ನೋದು ಕಂಪನಿಯ ವಾದ. ಅಕೌಂಟ್ಸ್ ಮಾಡೋನಾಗಿ ಆ ವಾದ ನನಗೆ ಅರ್ಥ ಆಗುತ್ತೆ. ಆದ್ರೆ 5,450 ರೂಪಾಯಿಯ ಹಾಳೆ ನೋಡಿದ ಮೇಲೆ ಒಪ್ಪೋಕೆ ಆಗಲ್ಲ.

ಹಾಗಾದ್ರೆ ಇನ್ಮೇಲೆ ಕೈಯಿಂದ ದುಡ್ಡು ಹಾಕಿದೋರ ಹಾಡನ್ನೆಲ್ಲ ಹೊಗಳಬೇಕಾ? ಇಲ್ಲ. ಇಲ್ಲೇ ನನಗೆ ತಲೆಬಿಸಿ ಆಗೋದು. 'ಸ್ಪೈರಲ್ ಸ್ಕ್ರ್ಯಾಚ್' ಬಂದ ಸ್ವಲ್ಪ ದಿನಕ್ಕೇ ಡೆವೊಟೊ ಬ್ಯಾಂಡ್ ಬಿಟ್ಟ. 1977ರ ಆಗಸ್ಟ್ 16ಕ್ಕೆ, ಎಲ್ವಿಸ್ ಸತ್ತ ದಿನ, ಉಳಿದವರು ಯುನೈಟೆಡ್ ಆರ್ಟಿಸ್ಟ್ಸ್ ಅನ್ನೋ ದೊಡ್ಡ ಅಮೆರಿಕನ್ ಕಂಪನಿಗೆ ಸೈನ್ ಹಾಕಿದ್ರು. ಇಂಡೀತನ ಏಳು ತಿಂಗಳೂ ತುಂಬಲಿಲ್ಲ. ಮತ್ತೆ ಅವರ ಅತ್ಯುತ್ತಮ ಹಾಡು ಯಾವುದು ಅಂದ್ರೆ ನಾನು ಕಣ್ಣು ಮುಚ್ಚಿ ಹೇಳೋದು 1978ರ 'ಎವರ್ ಫಾಲನ್ ಇನ್ ಲವ್'. ಕಂಪನಿ ದುಡ್ಡಲ್ಲಿ ಆದದ್ದು. ಸ್ಕ್ರಿಟಿ ಪೊಲಿಟಿಯ ಗ್ರೀನ್ ಗಾರ್ಟ್‌ಸೈಡ್ ಕೂಡ ಏಳು ವರ್ಷದಲ್ಲಿ ವರ್ಜಿನ್ ಲೇಬಲ್‌ಗೆ ಹೊಳೆಯೋ ಪಾಪ್ ಆಲ್ಬಮ್ ಮಾಡಿದ. ಅದೂ ನನಗಿಷ್ಟ. ದುಡ್ಡು ಎಲ್ಲಿಂದ ಬಂತು ಅನ್ನೋದು ಹಾಡು ಚೆನ್ನಾಗಿದ್ಯಾ ಅನ್ನೋದಕ್ಕೆ ಉತ್ತರ ಅಲ್ಲ.

ಆದ್ರೆ ಹಾಡು ಯಾಕೆ ಹೀಗಿದೆ ಅನ್ನೋದಕ್ಕೆ ಕೆಲವೊಮ್ಮೆ ಉತ್ತರ. ಕಾರ್ಡಿಫ್‌ನ ಯಂಗ್ ಮಾರ್ಬಲ್ ಜಯಂಟ್ಸ್ 1980ರಲ್ಲಿ ರಫ್ ಟ್ರೇಡ್‌ಗೆ ಮಾಡಿದ 'ಕೊಲೋಸಲ್ ಯೂತ್' ಕೇಳಿ. ಡ್ರಮ್ಮರ್ ಇಲ್ಲ, ಟಿಕ್ ಟಿಕ್ ಅನ್ನೋ ಮೆಷಿನ್. ಒಂದು ಗಿಟಾರು, ಒಂದು ಬೇಸು, ಪಕ್ಕದ ರೂಮಲ್ಲಿ ಯಾರೋ ಮಲಗಿದ್ದಾರೆ ಅನ್ನೋ ಹಾಗೆ ಹಾಡೋ ಅಲಿಸನ್ ಸ್ಟಾಟನ್. ಇದಕ್ಕೆ ಇನ್ನಷ್ಟು ವಾದ್ಯ ಸೇರಿಸಿದ್ರೆ ಸತ್ತೇಹೋಗುತ್ತೆ. ಯಾವುದು ಕೊರತೆ, ಯಾವುದು ಆಯ್ಕೆ ಅಂತ ಬೇರೆ ಮಾಡೋಕೇ ಆಗಲ್ಲ. ನಾನು ಹನ್ನೆರಡು ಸೆಕೆಂಡಿನಲ್ಲಿ ತೀರ್ಪು ಕೊಡ್ತಾ ಇದ್ದಾಗ ಬೇರೆ ಮಾಡೋ ಪ್ರಯತ್ನವನ್ನೇ ಮಾಡ್ತಿರಲಿಲ್ಲ.

ಅದಕ್ಕೆ ಮುಂದಿನ ವಾರದಿಂದ ಶೋನಲ್ಲಿ ಒಂದು ಬದಲಾವಣೆ. ಹಾಡಿನ ಬಗ್ಗೆ ಮಾತಾಡೋ ಮುಂಚೆ ಕ್ರೆಡಿಟ್ಸ್ ಓದ್ತೀನಿ, ಲೇಬಲ್ ಯಾರದ್ದು, ವಿತರಣೆ ಯಾರದ್ದು ಅಂತ. ಮಾಡಿದೋರು ಲೆಕ್ಕ ಕಳಿಸಿದ್ರೆ ಅದನ್ನೂ ಓದ್ತೀನಿ. ಕಳಿಸದಿದ್ರೆ ಬಲವಂತ ಇಲ್ಲ. ಅಭಿಪ್ರಾಯ ಮಾತ್ರ ಮೊದಲಿನ ಹಾಗೇ ಮುಲಾಜಿಲ್ಲದೆ.

ಹಾಸನದ ಹುಡುಗನ ಹಾಡನ್ನ ಮತ್ತೆ ಕೇಳಿದೆ, ಈ ಸಲ ಪೂರ್ತಿ, ಐದಾರು ಸಲ. ಎರಡನೇ ಚರಣ ಈಗಲೂ ಉದ್ದ ಆಯ್ತು, ನಾಲ್ಕು ಸಾಲು ಕತ್ತರಿಸಬಹುದಿತ್ತು. ಇದನ್ನ ಅವನಿಗೂ ಹೇಳಿದ್ದೀನಿ. ಪ್ರಾಸಕ್ಕೋಸ್ಕರ ತುರುಕಿದ ಒಂದೆರಡು ಪದ ಇದೆ. ಆದ್ರೆ ಆ ಚರಣ ಮುಗಿದು ದನಿ ಕೆಳಗಿಳಿಯೋ ಹೊತ್ತಿಗೆ ಹಾರ್ನ್ ಬರುತ್ತಲ್ಲ, ಹಾಡಿನಲ್ಲಿ ಊರು ಬಿಟ್ಟು ಹೊರಟೋನ ಕಥೆ ಇದೆ ಅಂತ ಮೊದಲ ಸಲ ನಾನು ಗಮನಿಸೇ ಇರಲಿಲ್ಲ. ಹಾರ್ನ್ ಬೇಕಂತಲೇ ಇಟ್ಟಿದ್ಯಾ ಅಂತ ಕೇಳಿದೆ. ಇಲ್ಲ ಸರ್, ಅರಸೀಕೆರೆ ಬಸ್ಸು ಅದು, ಅಂದ.

ನಿನ್ನೆ ರಾತ್ರಿ ಈ ಎಪಿಸೋಡ್ ರೆಕಾರ್ಡ್ ಮಾಡೋ ಮುಂಚೆ ನೋಡಿದಾಗ 871 ಪ್ಲೇ ಆಗಿತ್ತು. ಅದರಲ್ಲಿ ಐದಾರು ನನ್ನದೇ. ಲಿಂಕ್ ಕೆಳಗಿದೆ.